ಬ್ಯಾಟ್ರಿ ಕಾಲಿಗೆ ಬಿಡು

ನಮ್ಮ ಶಿಡ್ಲಘಟ್ಟದ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅದರೊಳಗೆ ಹಾಕುವುದು ಶೆಲ್ಲು. ಬ್ಯಾಟ್ರಿಯನ್ನು ಯಾರೂ ಹಚ್ಚುವುದಿಲ್ಲ, ‘ಬಿಡುತ್ತಾರೆ’. ನಾನು ಆರನೇ ಕ್ಲಾಸಿನಲ್ಲಿದ್ದಾಗ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ. ಮೋಟಾರ್ ಹಾಕಲು ಅಪ್ಪ ತೋಟಕ್ಕೆ ಹೊರಟರೆ ಹಿಂದೆ ನಾನು, ಕೈಯಲ್ಲಿ ಮೂರು ಶೆಲ್ಲಿನ ಸ್ಟೀಲ್ ಬ್ಯಾಟ್ರಿ. ಆ ವಯಸ್ಸಿನಲ್ಲಿ ನನಗೆ ಅದನ್ನು ಮರದ ತುದಿಗೆ, ದೂರದ ಬಂಡೆಗೆ, ಆಕಾಶಕ್ಕೆ ಬಿಡುವ ಆಸೆ. ಅಪ್ಪ ಪ್ರತಿಸಲ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ತರುತ್ತಿದ್ದರು. ‘ಮೇಲಕ್ಕಲ್ಲ ಕಣೋ, ಕಾಲಿಗೆ ಬಿಡು.’

ಆ ಮಾತು ಮತ್ತೆ ನೆನಪಾಗಿದ್ದು ಹೋದ ಮಳೆಗಾಲದಲ್ಲಿ. ಆಗ ನಾನು ಜೇಬಿನಲ್ಲಿ ದಿನಾ ಇಟ್ಟುಕೊಳ್ಳಲು ಒಂದು ಚಾರ್ಜಬಲ್ ಟಾರ್ಚ್ ಹುಡುಕುತ್ತಿದ್ದೆ. ಇಷ್ಟು ಸಣ್ಣ ಸಾಮಾನಿಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಓದಿದ್ದು, ಕೊಂಡು ಕೆಟ್ಟಿದ್ದು, ಅಪ್ಪ ಅಮ್ಮನಿಂದ ಕಲಿತದ್ದು ಎಲ್ಲ ಬರೆದಿಡೋಣ ಅನ್ನಿಸಿತು.

ನಾನು ಕೆಲಸ ಮಾಡುವುದು ಚಿಕ್ಕಬಳ್ಳಾಪುರದಲ್ಲಿ. ಸಂಜೆ ಬಸ್ಸು ಇಳಿದ ಮೇಲೆ ಮನೆಗೆ ಒಂದೂಕಾಲು ಕಿಲೋಮೀಟರ್ ನಡಿಗೆ. ಎರಡೂ ಕಡೆ ಹಿಪ್ಪುನೇರಳೆ ತೋಟ, ಮಧ್ಯೆ ಮಣ್ಣಿನ ದಾರಿ. ಎಷ್ಟೋ ವರ್ಷ ಫೋನಿನ ಬೆಳಕಲ್ಲೇ ನಡೆದಿದ್ದೆ. ಒಂದು ದಿನ ಜಿಟಿಜಿಟಿ ಮಳೆಯಲ್ಲಿ ಬರುವಾಗ ಅಮ್ಮನ ಕಾಲ್ ಬಂತು. ಫೋನ್ ಕಿವಿಗೆ ಹೋಯಿತು, ಬೆಳಕೂ ಅದರ ಜೊತೆ ಕಿವಿಗೇ ಹೋಯಿತು. ಮುಂದಿನ ಹೆಜ್ಜೆ ಹಳ್ಳಕ್ಕೆ. ಪಾದ ಹೊರಳಿ ಹದಿನೈದು ದಿನ ಮನೆಯಲ್ಲಿ ಕೂತೆ. ಫೋನಿನ ಬೆಳಕು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಫೋನಿಗೆ ಬೇರೆ ಕೆಲಸ ಇದೆ. ಕತ್ತಲಲ್ಲಿ ಯಾರನ್ನಾದರೂ ಕರೆಯಬೇಕಾದ ಹೊತ್ತೇ ಬೆಳಕು ಜಾಸ್ತಿ ಬೇಕಾಗುವ ಹೊತ್ತು. ಎರಡೂ ಒಂದೇ ಸಾಮಾನಿನಲ್ಲಿ ಇರಬಾರದು.

ಕಾಲು ಸರಿಹೋದ ಮೇಲೆ ಮೊದಲು ಕೊಂಡಿದ್ದು ಒಂದು ಅಂಗಡಿಯಲ್ಲಿ, ಮುನ್ನೂರು ರೂಪಾಯಿಗೆ. ಒಳಗಿನ ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ದಪ್ಪಗೆ ಬರೆದಿತ್ತು. ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು. ನನಗೆ ಖುಷಿಯೋ ಖುಷಿ. ಎರಡು ವಾರಕ್ಕೆ ಅರ್ಧ ಗಂಟೆಯೂ ಉರಿಯದಾಯಿತು. ಆಮೇಲೆ ತಿಳಿಯಿತು, ಆ ಅಳತೆಯ ಸೆಲ್ಲಿಗೆ ಅಷ್ಟು ಹಿಡಿಯುವುದೇ ಇಲ್ಲ. ಅದು ಲಿಥಿಯಂ ಸೆಲ್ಲು, ಹೆಸರು 18650. ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ದುಂಡನೆಯ ಆಕಾರ. ಒಳ್ಳೆಯ ಕಂಪನಿಯ ಸೆಲ್ಲು ಸಾಮಾನ್ಯವಾಗಿ 2500ರಿಂದ 3500 ಎಂಎಎಚ್ ಹಿಡಿಯುತ್ತದೆ, ತೂಕ 45ರಿಂದ 50 ಗ್ರಾಂ ಇರುತ್ತದೆ. ನನ್ನದನ್ನು ಊರಿನ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಮೂವತ್ತು ಗ್ರಾಂ ಕೂಡ ಇರಲಿಲ್ಲ. ಲಿಥಿಯಂ ಸೆಲ್ಲು ಕೊಳ್ಳುವಾಗ ಬರೆದ ಅಂಕಿ ನೋಡುವ ಮೊದಲು ಕೈಯಲ್ಲಿ ಹಿಡಿದು ತೂಗಿ ನೋಡಿ. ಹಗುರ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆ ಒಂದು ಚಾರ್ಜಿಂಗ್ ಬ್ಯಾಟ್ರಿ ಇತ್ತು. ಹಿಂದೆ ಎರಡು ಪಿನ್ ಮಡಚಿಕೊಂಡಿರುತ್ತಿತ್ತು, ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವುದು. ಅದರಲ್ಲಿದ್ದದ್ದು ಸೀಸದ ಬ್ಯಾಟರಿ, ಟ್ರ್ಯಾಕ್ಟರಿನಲ್ಲಿ ಇರುತ್ತಲ್ಲ, ಅದೇ ಜಾತಿಯದು. ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಒಳಗಿನ ಹಲಗೆಗಳ ಮೇಲೆ ಗಟ್ಟಿ ಹರಳು ಕಟ್ಟುತ್ತದೆ, ಮತ್ತೆ ಸರಿಯಾಗಿ ಚಾರ್ಜ್ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಎರಡು ತಿಂಗಳು ಮೂಲೆಯಲ್ಲಿ ಖಾಲಿ ಬಿದ್ದಿತ್ತು, ಅಲ್ಲಿಗೆ ಅದರ ಕಥೆ ಮುಗಿಯಿತು. ಲಿಥಿಯಂ ಅಷ್ಟು ಮುನಿಸಿಕೊಳ್ಳುವುದಿಲ್ಲ. ಅರ್ಧ ಚಾರ್ಜಿನಲ್ಲಿ ಇಟ್ಟು ಮರೆತರೂ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಆಗದಿರುವುದು ಬಿಸಿ. ಏಪ್ರಿಲ್ ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಅದನ್ನು ಬಿಡಬೇಡಿ.

ಇನ್ನು ಲುಮೆನ್ ವಿಷಯ. ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಬರೆಯುವುದು ಅದನ್ನೇ. ಲುಮೆನ್ ಅಂದರೆ ಟಾರ್ಚಿನಿಂದ ಹೊರಗೆ ಬರುವ ಒಟ್ಟು ಬೆಳಕು, ಬೋರ್‌ವೆಲ್ ಪೈಪಿನಿಂದ ಬೀಳುವ ಒಟ್ಟು ನೀರಿದ್ದ ಹಾಗೆ. ಅದು ಎಷ್ಟು ದೂರ ಹೋಗುತ್ತದೆ ಅನ್ನುವುದು ಬೇರೆ ಲೆಕ್ಕ, ಅದಕ್ಕೆ ಕ್ಯಾಂಡೆಲಾ. ಪೈಪಿನ ಬಾಯಿಗೆ ಹೆಬ್ಬೆಟ್ಟು ಇಟ್ಟರೆ ಅದೇ ನೀರು ದೂರ ಚಿಮ್ಮುತ್ತದೆ ಅಲ್ವಾ, ಹಾಗೆ. ಅಮೆರಿಕದಲ್ಲಿ 2009ರಲ್ಲಿ ಟಾರ್ಚುಗಳಿಗೆ ಎಫ್ಎಲ್ 1 ಅನ್ನುವ ಅಳತೆಯ ನಿಯಮ ಬಂತು. ಒಳ್ಳೆಯ ಕಂಪನಿಗಳು ಅದರ ಪ್ರಕಾರವೇ ಅಂಕಿ ಕೊಡುತ್ತವೆ. ಆ ನಿಯಮದಲ್ಲಿ ‘100 ಮೀಟರ್’ ಅಂದರೆ ನೂರು ಮೀಟರ್ ಆಚೆ ಬೀಳುವ ಬೆಳಕು 0.25 ಲಕ್ಸ್, ಹೆಚ್ಚು ಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ನಿಂತಿರುವುದು ಹಸುವೋ ಗಿಡವೋ ಅಂತ ಅಂದಾಜು ಸಿಗುತ್ತದೆ, ಅಷ್ಟೇ. ಅದೇ ಟಾರ್ಚಿನ ದೂರ ಎರಡು ಪಟ್ಟು ಆಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟು ಆಗಬೇಕು. ಸ್ಕಂದಗಿರಿಗೆ ಕತ್ತಲಲ್ಲೇ ಹತ್ತುವವರಿಗೆ ದೂರ ಬೇಕಾಗಬಹುದು. ಬಸ್ ಸ್ಟಾಪಿನಿಂದ ಮನೆಗೆ ನಡೆಯುವವನಿಗೆ ಬೇಕಾದ್ದು ಮುಂದಿನ ಐದಾರು ಹೆಜ್ಜೆ.

ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದಕ್ಕೆ ಡಬ್ಬಿ ನಂಬಬೇಕಾಗಿಲ್ಲ, ನಾವೇ ಲೆಕ್ಕ ಹಾಕಬಹುದು. 3000 ಎಂಎಎಚ್ ಸೆಲ್ಲು, ಅಂದರೆ 3 ಆಂಪಿಯರ್ ಅವರ್, 3.6 ವೋಲ್ಟ್. ಗುಣಿಸಿದರೆ 10.8 ವ್ಯಾಟ್ ಅವರ್. ಈಗಿನ ಎಲ್ಇಡಿಗಳು ಒಂದು ವ್ಯಾಟಿಗೆ ಸುಮಾರು ನೂರು ಲುಮೆನ್ ಕೊಡುತ್ತವೆ ಅಂತ ಇಟ್ಟುಕೊಳ್ಳಿ. ನೂರು ಲುಮೆನ್ನಿನಲ್ಲಿ ಹತ್ತು ಗಂಟೆ ಆಸುಪಾಸು ಬರುತ್ತದೆ. ಸಾವಿರ ಲುಮೆನ್ನಿನಲ್ಲಿ ಒಂದು ಗಂಟೆ ಬರಬೇಕು, ಆದರೆ ಬರುವುದಿಲ್ಲ. ಹತ್ತು ವ್ಯಾಟಿನಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ, ಬೆರಳುದ್ದದ ಟಾರ್ಚು ಅಷ್ಟು ಬಿಸಿಯನ್ನು ಹೊರಗೆ ಹಾಕಲಾರದು. ಕೆಲವು ನಿಮಿಷಕ್ಕೆ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ಇಳಿಸಿಕೊಳ್ಳದಿದ್ದರೆ ಕೈ ಸುಡುತ್ತದೆ. ಎಫ್ಎಲ್ 1 ಪ್ರಕಾರ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯವನ್ನೆಲ್ಲ ‘ಉರಿಯುವ ಅವಧಿ’ ಅಂತ ಲೆಕ್ಕ ಹಿಡಿಯಬಹುದು. ‘ಸಾವಿರ ಲುಮೆನ್, ಮೂರು ಗಂಟೆ’ ಅಂತ ಇದ್ದರೆ ಮೂರು ಗಂಟೆಯೂ ಸಾವಿರ ಅಂತ ಅಲ್ಲ.

ನನ್ನ ಮನಸ್ಸು ತಿರುಗಿದ್ದು ಈ ಲೆಕ್ಕದಿಂದಲ್ಲ, ಹುಳು ಮನೆಯಲ್ಲಿ ಕಳೆದ ಒಂದು ರಾತ್ರಿಯಿಂದ.

ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ತಲೆ ಎತ್ತಿ ಸುಮ್ನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ಹೊಟ್ಟೆಬಾಕನ ಹಾಗೆ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗುತ್ತದೆ. ಮೇವು ಬಿಟ್ಟು, ಮೈ ಸ್ವಲ್ಪ ಕುಗ್ಗಿ, ಗಾಜಿನ ಹಾಗೆ ತಿಳಿಯಾಗುತ್ತದೆ. ಅಂಥ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಚಾಪೆಗೆ, ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಬೇಗ ಹಾಕಿದರೆ ಗೂಡು ತೆಳ್ಳಗಾಗುತ್ತದೆ. ಹೋದ ಸೆಪ್ಟೆಂಬರಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಣ್ಣಾಗಲು ಶುರುವಾಯಿತು, ಹನ್ನೆರಡಕ್ಕೆ ಕರೆಂಟ್ ಹೋಯಿತು. ನೆಂಟರೊಬ್ಬರ ಹತ್ತಿರ ಎರಡು ಸಾವಿರ ಲುಮೆನ್ನಿನ ದೊಡ್ಡ ಟಾರ್ಚ್ ಇಸಿದುಕೊಂಡು ಬಂದಿದ್ದೆ. ತಟ್ಟೆಯ ಮೇಲೆ ಬಿಟ್ಟೆ. ಹುಳುವೆಲ್ಲ ಒಂದೇ ಬಿಳುಪು, ಸುಣ್ಣ ಬಳಿದ ಹಾಗೆ. ಯಾವುದು ಹಣ್ಣು, ಯಾವುದು ಕಾಯಿ ಒಂದೂ ಗೊತ್ತಾಗಲಿಲ್ಲ.

ಅಮ್ಮ ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದರ ಬಾಯಿಗೆ ಸೆರಗು ಎರಡು ಮಡಿಕೆ ಸುತ್ತಿದಳು. ಆಮೇಲೆ ಅದನ್ನು ತಟ್ಟೆಯ ಅಂಚಿನಲ್ಲಿ, ಹುಳುವಿನ ಮಟ್ಟಕ್ಕೇ, ಆಚೆ ಬದಿಯಿಂದ ನಮ್ಮ ಕಡೆಗೆ ಮಲಗಿಸಿದಳು. ಕಾಯಿ ಹುಳುಗಳು ನೆರಳಾಗಿ ನಿಂತವು. ಹಣ್ಣು ಹುಳುಗಳ ಮೈಯೊಳಗೆ ಬೆಳಕು ಹೊಕ್ಕು, ಒಂದೊಂದೂ ಸಣ್ಣ ದೀಪದ ಹಾಗೆ ಹೊಳೆಯಿತು. ಬೆಳಗಿನ ಜಾವ ನಾಲ್ಕರವರೆಗೆ ನಾವು ಮೂರೂ ಜನ ಆರಿಸಿದೆವು. ಎರಡು ಸಾವಿರ ಲುಮೆನ್ನಿನಲ್ಲಿ ಕಾಣದ್ದು ಹತ್ತಿಪ್ಪತ್ತು ಲುಮೆನ್ನಿನಲ್ಲಿ ಕಂಡಿತು. ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ಮೆತ್ತಗೆ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಅಪ್ಪನ ‘ಕಾಲಿಗೆ ಬಿಡು’ ಕೂಡ ಇದೇ ಮಾತು ಅಂತ ಆವತ್ತು ಹೊಳೆಯಿತು. ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿದರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ದಾರಿ ಹಲಗೆಯ ಹಾಗೆ ಸಪಾಟು ಕಾಣುತ್ತದೆ. ಅದೇ ಟಾರ್ಚನ್ನು ಮಂಡಿಯ ಪಕ್ಕ ಹಿಡಿದರೆ ಸಣ್ಣ ಹರಳಿಗೂ ಉದ್ದ ನೆರಳು ಬೀಳುತ್ತದೆ. ಹಳ್ಳ ಯಾವುದು, ದಿಬ್ಬ ಯಾವುದು, ಮುಳ್ಳು ಯಾವುದು ತಾನಾಗಿ ಬಿಡಿಸಿಕೊಂಡು ಕಾಣುತ್ತದೆ. ನಂಬಿಕೆ ಬರದಿದ್ದರೆ ಇವತ್ತೇ ರಾತ್ರಿ ಅಂಗಳದಲ್ಲಿ ಎರಡೂ ರೀತಿ ನೋಡಿ.

ಈ ಮಾತನ್ನು ಅಪ್ಪ ಕಲಿತದ್ದು ನಮ್ಮ ದೊಡ್ಡಪ್ಪನಿಂದ. ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ ಅದು. ಟೋಪಿಯ ಮೇಲೆ ಲೈಟು, ಸೊಂಟಕ್ಕೆ ಅದರ ಬ್ಯಾಟರಿ. ಅಲ್ಲಿ ಎದುರಿಗೆ ಬಂದವರ ಮುಖಕ್ಕೆ ಬೆಳಕು ಬಿಡುವುದು ದೊಡ್ಡ ತಪ್ಪಂತೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಂದು ಕ್ಷಣದ ಬೆಳಕಿಗೆ ಕುರುಡಾಗುತ್ತದೆ, ಮತ್ತೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೇ ಮಾತಾಡುವಾಗ ತಲೆ ಬಗ್ಗಿಸುತ್ತಿದ್ದರಂತೆ. ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಮೊದಲು ಕರೆಂಟ್ ಕೊಟ್ಟಿದ್ದು ಆ ಗಣಿಗಳಿಗೆ. ಬೆಂಗಳೂರಿಗೆ ಬಂದಿದ್ದು ಮೂರು ವರ್ಷ ಆದ ಮೇಲೆ. ಅಷ್ಟು ಬೇಗ ಬೆಳಕು ಕಂಡ ಊರಿನವರು ದೊಡ್ಡಪ್ಪ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅವರು ನಮ್ಮ ಊರಿಗೆ ಬಂದು ಇರುವಾಗಲೂ ಯಾರಾದರೂ ಎದುರು ಬಂದರೆ ತಲೆ ಬಗ್ಗಿಸಿಯೇ ‘ಏನಪ್ಪ, ಊಟ ಆಯ್ತಾ’ ಅನ್ನುತ್ತಿದ್ದರು. ಟೋಪಿ ಇರಲಿಲ್ಲ, ಲೈಟೂ ಇರಲಿಲ್ಲ.

ಹುಳು ಮನೆಯ ರಾತ್ರಿ ಆದ ಮೇಲೆ ನಾನು ಟಾರ್ಚ್ ನೋಡುವ ರೀತಿ ಬದಲಾಯಿತು. ಎಷ್ಟು ಜಾಸ್ತಿ ಅಂತ ಕೇಳುವ ಮೊದಲು ಎಷ್ಟು ಕಡಿಮೆ ಅಂತ ಕೇಳತೊಡಗಿದೆ. ಅದರ ಎಲ್ಲಕ್ಕಿಂತ ಸಣ್ಣ ಬೆಳಕು ಎಷ್ಟು? ಒಂದೆರಡು ಲುಮೆನ್ನಿಗೆ ಇಳಿಯುತ್ತದಾ? ಮಲಗಿದವರನ್ನು ಎಬ್ಬಿಸದೆ ನೀರು ಕುಡಿದು ಬರಲು ಅಷ್ಟು ಸಾಕು. ಒತ್ತಿದ ತಕ್ಷಣ ಸಣ್ಣ ಬೆಳಕಿನಿಂದ ಶುರುವಾಗುತ್ತದಾ, ಇಲ್ಲ ಮೊದಲೇ ಕಣ್ಣಿಗೆ ಹೊಡೆಯುತ್ತದಾ? ಅಗ್ಗದ ಎಷ್ಟೋ ಟಾರ್ಚುಗಳಲ್ಲಿ ದೊಡ್ಡದು, ಸಣ್ಣದು, ಆಮೇಲೆ ಪಟಪಟ ಮಿನುಗುವುದು. ಆಫ್ ಮಾಡಬೇಕಾದರೆ ಆ ಮಿನುಗನ್ನು ದಾಟಿಯೇ ಹೋಗಬೇಕು. ಕೊಟ್ಟಿಗೆಯಲ್ಲಿ ಅದು ಮಿನುಗಿದರೆ ಹಸು ಹಗ್ಗ ಜಗ್ಗುತ್ತದೆ. ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಬಣ್ಣದ ಬಗ್ಗೆ ಕಣ್ಣು ತೆರೆಸಿದ್ದು ಪಕ್ಕದ ಹೊಲದ ಟೊಮೆಟೊ. ಕೋಲಾರ, ಚಿಂತಾಮಣಿ ಮಾರ್ಕೆಟ್ಟಿಗೆ ಬೆಳಿಗ್ಗೆ ಹರಾಜಿಗೆ ಹೋಗಬೇಕು ಅಂತ ರಾತ್ರಿಯೇ ವಿಂಗಡಿಸಿ 15 ಕೆ.ಜಿ. ಬಾಕ್ಸಿಗೆ ತುಂಬುತ್ತಾರೆ. ಹಣ್ಣು ಬೇರೆ, ದೋರಗಾಯಿ ಬೇರೆ. ಅಲ್ಲಿ ನನ್ನ ಮುನ್ನೂರು ರೂಪಾಯಿ ಟಾರ್ಚ್ ಬಿಟ್ಟಾಗ ಹಣ್ಣಿನ ಕೆಂಪು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾರಣ ಎಲ್ಇಡಿಯ ಹುಟ್ಟಿನಲ್ಲೇ ಇದೆ. ಬಿಳಿ ಎಲ್ಇಡಿ ಒಳಗೆ ನಿಜವಾಗಿ ಇರುವುದು ನೀಲಿ ದೀಪ. ಅದರ ಮೇಲೆ ಹಳದಿ ಪುಡಿಯ ಲೇಪ. ಎರಡೂ ಸೇರಿ ಬಿಳಿ ಅನ್ನಿಸುತ್ತದೆ. (ಆ ನೀಲಿ ಎಲ್ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.) ಅಗ್ಗದ ಲೇಪದಲ್ಲಿ ಕೆಂಪಿನ ಪಾಲು ಕಡಿಮೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಅಳತೆ ಇದೆ, ಪೂರ್ತಿ ಅಂದರೆ 100. ಮಾಮೂಲಿ ಟಾರ್ಚುಗಳು 70ರ ಹತ್ತಿರ ಇರುತ್ತವೆ. 90 ದಾಟಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲಿ ಲುಮೆನ್ ಸ್ವಲ್ಪ ಕಡಿಮೆ ಇರುತ್ತದೆ, ಪರವಾಗಿಲ್ಲ. ಅಪ್ಪನ ಹಳೇ ಬ್ಯಾಟ್ರಿಯ ಬಲ್ಬು ತಂತಿ ಕಾಯ್ದು ಉರಿಯುವ ಬಲ್ಬು, ಅದರ ಸಿಆರ್‌ಐ 100ರ ಹತ್ತಿರ. ಬೆಳಕು ಮಂದ, ಆದರೆ ಕೆಂಪು ಕೆಂಪಾಗಿಯೇ ಕಾಣುತ್ತಿತ್ತು.

ಇದು ಬರೀ ಟೊಮೆಟೊ ವಿಷಯ ಅಲ್ಲ. ನವೆಂಬರಿನ ಒಂದು ರಾತ್ರಿ ಮೋಟಾರ್ ಮನೆಯ ಹತ್ತಿರ ಕೊಳಕುಮಂಡಲ ಇತ್ತು. ಒಣಗಿದ ಸೊಪ್ಪಿನ ಕಡ್ಡಿಗಳ ನಡುವೆ ಅದೇ ಕಂದು ಬಣ್ಣ, ಬೆನ್ನ ಮೇಲೆ ಸರಪಳಿಯ ಹಾಗೆ ಮಚ್ಚೆ. ಅಷ್ಟು ಹೊತ್ತಿಗೆ ಹೊಸ ಟಾರ್ಚ್ ಬಂದಿತ್ತು, ಅಪ್ಪ ಅದನ್ನು ಮಂಡಿಯ ಪಕ್ಕ ಹಿಡಿದು ಮುಂದೆ ನಡೆಯುತ್ತಿದ್ದರು. ಸುತ್ತಿಕೊಂಡ ಮೈಯ ನೆರಳು ಮೊದಲು ಕಂಡಿತು, ಆಮೇಲೆ ಮಚ್ಚೆ ಕಂಡಿತು. ಅಪ್ಪ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ಕುಕ್ಕರ್ ಬುಸುಗುಟ್ಟಿದ ಹಾಗೆ ಸದ್ದು ಮಾಡಿತು. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆವು, ಅದು ತನ್ನ ಪಾಡಿಗೆ ಬದುವಿನ ಕಡೆ ಹೋಯಿತು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಅಷ್ಟು ದೊಡ್ಡ ಸಮಸ್ಯೆ ಇದು. ಕೊಳಕುಮಂಡಲವೂ ಕಟ್ಟುಹಾವೂ ರಾತ್ರಿ ಓಡಾಡುವ ಹಾವುಗಳು. ಹಳ್ಳಿಯಲ್ಲಿ ರಾತ್ರಿ ನಡೆಯುವವರ ಜೇಬಿನಲ್ಲಿ ಬೆಳಕು ಇರಲೇಬೇಕು, ಕಾಲಲ್ಲಿ ಬೂಟು ಇರಲೇಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೊನೆಗೆ ನಾನು ಕೊಂಡಿದ್ದು 18650 ಟಾರ್ಚ್ ಅಲ್ಲ. ಒಳ್ಳೆಯ ಕಂಪನಿಯದು ಚೆನ್ನಾಗಿಯೇ ಇತ್ತು, ಆದರೆ ಅಂಗಿ ಜೇಬಿನಲ್ಲಿ ಭಾರ. ಭಾರ ಅನ್ನಿಸಿದ್ದನ್ನು ನಾಲ್ಕನೇ ದಿನ ಮೇಜಿನ ಮೇಲೆ ಬಿಟ್ಟು ಹೋಗುತ್ತೇವೆ. ನಾನು ತೆಗೆದುಕೊಂಡಿದ್ದು 14500 ಅನ್ನುವ ಸಣ್ಣ ಲಿಥಿಯಂ ಸೆಲ್ಲಿನದು. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನ ಅಳತೆಯೇ ಅದಕ್ಕೂ. ಮೂರು ವ್ಯಾಟ್ ಅವರ್ ಆಸುಪಾಸು ಹಿಡಿಯುತ್ತದೆ, ನೂರು ಲುಮೆನ್ನಿನಲ್ಲಿ ಎರಡೂವರೆ ಗಂಟೆ ಬರುತ್ತದೆ. ನನ್ನ ನಡಿಗೆ ಇಪ್ಪತ್ತು ನಿಮಿಷ. ವಾರಕ್ಕೊಮ್ಮೆ ಭಾನುವಾರ ಚಾರ್ಜಿಗೆ ಹಾಕುತ್ತೇನೆ. ಇನ್ನೊಂದು ಅನುಕೂಲ, ಚಾರ್ಜ್ ಮುಗಿದರೆ ಊರಿನ ಅಂಗಡಿಯ ಮಾಮೂಲಿ ಪೆನ್ಸಿಲ್ ಸೆಲ್ಲನ್ನೂ ಹಾಕಬಹುದು, ಬೆಳಕು ಸ್ವಲ್ಪ ಕಡಿಮೆ ಅಷ್ಟೇ. ಆದರೆ ಎಲ್ಲ ಪೆನ್ಸಿಲ್ ಸೆಲ್ ಟಾರ್ಚಿಗೂ 14500 ಹಾಕಬೇಡಿ. 14500 ಪೂರ್ತಿ ಚಾರ್ಜಿನಲ್ಲಿ 4.2 ವೋಲ್ಟ್, ಪೆನ್ಸಿಲ್ ಸೆಲ್ಲು 1.5. ಎರಡಕ್ಕೂ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ. ಬೆಲೆ ಎರಡು ಸಾವಿರದ ಹತ್ತಿರ ಆಯಿತು. ಮೊದಲ ಮುನ್ನೂರು ಉಳಿಸಿದ್ದರೆ ಚೆನ್ನಾಗಿತ್ತು.

ಚಾರ್ಜಿಂಗ್ ಬಗ್ಗೆ ಒಂದು ಸಣ್ಣ ಮಾತು. ಟೈಪ್ ಸಿ ಇದೆ ಅಂದ ಮಾತ್ರಕ್ಕೆ ಎಲ್ಲ ಚಾರ್ಜರಿನಲ್ಲೂ ಚಾರ್ಜ್ ಆಗುವುದಿಲ್ಲ. ಎರಡೂ ಕಡೆ ಸಿ ಇರುವ ವೈರಿನಲ್ಲಿ ಕರೆಂಟ್ ಬರಬೇಕಾದರೆ ಟಾರ್ಚಿನೊಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಕೆಲವರು ಅದನ್ನು ಹಾಕಿರುವುದಿಲ್ಲ. ಆಗ ಒಂದು ಕಡೆ ಹಳೇ ಅಗಲ ಯುಎಸ್‌ಬಿ ಇರುವ ವೈರಿನಲ್ಲಿ ಮಾತ್ರ ಚಾರ್ಜ್ ಆಗುತ್ತದೆ. ಕೆಟ್ಟಿದೆ ಅಂತ ಎಸೆಯುವ ಮೊದಲು ವೈರ್ ಬದಲಿಸಿ ನೋಡಿ. ನೀರಿನ ವಿಷಯಕ್ಕೆ ಐಪಿಎಕ್ಸ್ 4 ಅಂದರೆ ಮಳೆ ಹನಿ ತಡೆಯುತ್ತದೆ, ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯುತ್ತದೆ. ಕಾಲುವೆಯಲ್ಲಿ ನೀರು ಕಟ್ಟುವವರಿಗೆ ಎರಡನೆಯದು. ಜೇಬಿನಲ್ಲಿ ತಾನಾಗಿ ಹತ್ತಿಕೊಳ್ಳದಿರಲು ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿದರೆ ಎಷ್ಟೋ ಟಾರ್ಚುಗಳಲ್ಲಿ ಕರೆಂಟ್ ಕಡಿಯುತ್ತದೆ. ಸತ್ತ ಲಿಥಿಯಂ ಸೆಲ್ಲನ್ನು ತಿಪ್ಪೆಗೆ ಹಾಕಬೇಡಿ. ತಿಪ್ಪೆಗೆ ಯಾರಾದರೂ ಬೆಂಕಿ ಇಟ್ಟರೆ ಅದು ಸಿಡಿಯುತ್ತದೆ.

ಈಗ ಆ ಟಾರ್ಚ್ ನನ್ನ ಹತ್ತಿರ ಇಲ್ಲ. ಹಾವಿನ ರಾತ್ರಿಯಿಂದ ಅಪ್ಪನ ಅಂಗಿ ಜೇಬಿನಲ್ಲೇ ಕ್ಲಿಪ್ಪು ಸಿಕ್ಕಿಸಿಕೊಂಡು ಕೂತಿದೆ. ನನಗೆ ಅದೇ ತರಹದ ಇನ್ನೊಂದು ತರಿಸಿಕೊಂಡೆ. ಅಪ್ಪ ಅದರ ದೊಡ್ಡ ಬೆಳಕನ್ನು ಒಂದು ಸಲವೂ ಬಿಟ್ಟಿದ್ದು ನಾನು ನೋಡಿಲ್ಲ. ಹೋದ ವಾರ ಅಮ್ಮ ಕೇಳಿದಳು, ‘ನಿಮ್ಮಪ್ಪನಿಗೆ ಜೇಬಿದೆ, ನನಗೆ ಸೀರೇಲಿ ಎಲ್ಲೋ ಜೇಬು? ಕೊರಳಿಗೆ ಹಾಕ್ಕೊಳ್ಳೋ ಅಂಥದ್ದು ನೋಡು. ಹೆಬ್ಬೆಟ್ಟು ನೋಯುತ್ತೆ, ಗುಂಡಿ ಮೆತ್ತಗಿರಲಿ.’ ದಾರ ಕಟ್ಟಲು ತೂತಿದ್ದು, ಐವತ್ತು ಗ್ರಾಂ ಒಳಗಿದ್ದು, ಗುಂಡಿ ಮೆತ್ತಗಿದ್ದು, ಹುಳು ಮನೆಯ ಸುಣ್ಣದ ಪುಡಿ ಒಳಗೆ ಹೋಗದಂಥದ್ದು ಹುಡುಕುತ್ತಿದ್ದೇನೆ. ಮುಂದಿನ ಬೆಳೆ ನಾಲ್ಕನೇ ಜ್ವರ ಏಳುವುದರೊಳಗೆ ಸಿಗಬೇಕು.